ತಕ್ಕಡಿಗೆ ತಟ್ಟೆ ಎರಡು



ವಿವೇಕವೆಂದರೆ ಬೇರ್ಪಡಿಸಿ ನೋಡುವುದು. ಆ ಶಬ್ದದ ಧಾತ್ವರ್ಥವೇ ಅದು. ಮೊರದಲ್ಲಿ ಅಕ್ಕಿ ಆರಿಸುವ ತಾಯಿಗೆ ಯಾವ ಶಾಸ್ತ್ರಾಭ್ಯಾಸವೂ ಇಲ್ಲದೆ ಈ ವಿವೇಕ ಸಿದ್ಧಿಸಿರುತ್ತದೆ. ಒಂದು ಕಲ್ಲು ಕಂಡಿತೆಂದು ಆಕೆ ಅಕ್ಕಿಯನ್ನೆಲ್ಲ ತಿಪ್ಪೆಗೆ ಸುರಿಯುವುದಿಲ್ಲ. ಅಕ್ಕಿ ಒಳ್ಳೆಯದೆಂದು ಕಲ್ಲನ್ನೂ ಸೇರಿಸಿ ಬೇಯಿಸುವುದಿಲ್ಲ. ಇಂದು ಈ ವಿವೇಕವನ್ನು ಒಂದು ಲೌಕಿಕ ವಿಷಯಕ್ಕೆ ಅನ್ವಯಿಸಿ ನಾಲ್ಕು ಮಾತು ಹೇಳಬೇಕೆಂದು ನಮಗೆ ಅನಿಸಿದೆ.

ಪೋಲಿಯೊ ಭಾನುವಾರದಂದು ನಮ್ಮ ಮಠದ ಅಂಗಳದಲ್ಲಿಯೂ ಮಕ್ಕಳಿಗೆ ಹನಿ ಹಾಕುತ್ತಾರೆ. ಒಮ್ಮೆ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಬಂದು, "ಬುದ್ಧೀ, ಈ ಹನಿಯಿಂದಲೇ ಕೆಲವು ಮಕ್ಕಳ ಕಾಲು ಬಿದ್ದುಹೋಗುತ್ತದಂತೆ, ನಿಜವೇ?" ಎಂದು ಕೇಳಿದಳು. ಪಕ್ಕದಲ್ಲಿದ್ದವರು "ಅದೆಲ್ಲ ಸುಳ್ಳು, ಸುಮ್ಮನಿರಮ್ಮ" ಎಂದು ಗದರಿಸಿದರು. ಹಾಗೆ ಗದರಿಸಬಾರದು. ಆಕೆ ಕೇಳಿದ್ದು ಸುಳ್ಳಲ್ಲ. ಸತ್ಯವನ್ನು ಮುಚ್ಚಿಟ್ಟು ಮಾಡಿಸಿದ ಒಳ್ಳೆಯ ಕೆಲಸ ಬಹುಕಾಲ ನಿಲ್ಲುವುದಿಲ್ಲ. ಮುಚ್ಚಿಟ್ಟ ಮಾತು ಒಂದು ದಿನ ಹೊರಬೀಳುತ್ತದೆ. ಆಗ ಹೇಳಿದ ನಿಜವನ್ನೂ ಜನರು ನಂಬುವುದಿಲ್ಲ.

ನಿಜ ಏನು? ಬಾಯಿಗೆ ಹಾಕುವ ಆ ಹನಿಯಲ್ಲಿ ಪೋಲಿಯೊ ವೈರಾಣುವೇ ಇದೆ, ಆದರೆ ಅದನ್ನು ದುರ್ಬಲಗೊಳಿಸಲಾಗಿದೆ. ಅದು ಮಗುವಿನ ಕರುಳಿನಲ್ಲಿ ಬೆಳೆದು, ನಿಜವಾದ ರೋಗ ಬಂದರೆ ಎದುರಿಸುವ ಶಕ್ತಿಯನ್ನು ಶರೀರಕ್ಕೆ ಕಲಿಸುತ್ತದೆ. ಅತ್ಯಪರೂಪವಾಗಿ, ಸುಮಾರು 27 ಲಕ್ಷ ಡೋಸಿಗೆ ಒಂದರಂತೆ, ಆ ದುರ್ಬಲ ವೈರಾಣುವೇ ಬಲ ಪಡೆದು ಒಂದು ಮಗುವಿನ ಕೈಕಾಲಿನ ಶಕ್ತಿಯನ್ನು ಕಸಿಯುತ್ತದೆ. ಇದು ತಕ್ಕಡಿಯ ಒಂದು ತಟ್ಟೆ.

ಇನ್ನೊಂದು ತಟ್ಟೆಯನ್ನು ನೋಡೋಣ. ರೋಗದ ವೈರಾಣು ಹೊಕ್ಕ ಸುಮಾರು 200 ಮಕ್ಕಳಲ್ಲಿ ಒಂದು ಮಗುವಿಗೆ ಎಂದೂ ವಾಸಿಯಾಗದ ಅಂಗವೈಕಲ್ಯ ಬರುತ್ತದೆ. ಹಾಗೆ ಬಿದ್ದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಉಸಿರಾಟದ ಸ್ನಾಯುಗಳು ಸೋತು ತೀರಿಕೊಳ್ಳುತ್ತಾರೆ. ಲಸಿಕೆ ಇಲ್ಲದ ಕಾಲದಲ್ಲಿ ಈ ವೈರಾಣು ತಾಗದ ಮಗುವೇ ನಮ್ಮಂಥ ದೇಶದಲ್ಲಿ ವಿರಳವಾಗಿತ್ತು. 1988ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಹೀಗೆ ಬೀಳುತ್ತಿದ್ದರೆಂದು ಅಂದಾಜು. ಕೋಲೂರಿ ನಡೆಯುವ ಮಕ್ಕಳಿಲ್ಲದ ಊರನ್ನು ಆಗ ಹುಡುಕಬೇಕಾಗಿತ್ತು. ಇಂದಿನ ತರುಣ ತಾಯಂದಿರು ಅದನ್ನು ಕಂಡಿಲ್ಲ. ಕಾಣದ್ದನ್ನು ತೂಗುವುದು ಕಷ್ಟ. ಆದುದರಿಂದಲೇ ಒಂದು ತಟ್ಟೆ ಖಾಲಿ ಇದೆಯೆಂಬ ಭ್ರಮೆ ಹುಟ್ಟುತ್ತದೆ. ಆ ತಟ್ಟೆಯನ್ನು ಖಾಲಿ ಮಾಡಿದ್ದು ಈ ಹನಿಯೇ ಎಂಬುದನ್ನು ಮರೆಯಲಾಗದು.

ಆದರೂ ತಾಯಿಯ ಹೃದಯ ಒಂದು ಮಾತು ಹೇಳುತ್ತದೆ: "ರೋಗ ಬಂದರೆ ಅದು ದೈವ, ನಾನೇ ಕೈಯಾರೆ ಹಾಕಿಸಿ ಕೆಡುಕಾದರೆ ಅದು ನನ್ನ ಪಾಪ." ಈ ಅಳುಕು ಸಹಜ; ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮೀಮಾಂಸಕರು ಬಹು ಹಿಂದೆಯೇ ಒಂದು ವಿಚಾರವನ್ನು ಮುಂದಿಟ್ಟಿದ್ದಾರೆ. ಮಾಡಬಾರದ್ದನ್ನು ಮಾಡಿದರೆ ದೋಷವಿರುವಂತೆ, ಮಾಡಬೇಕಾದ್ದನ್ನು ಮಾಡದಿದ್ದರೂ ದೋಷವುಂಟು; ಅದನ್ನು ಪ್ರತ್ಯವಾಯವೆಂದು ಕರೆದರು. ಅವರು ಹೇಳಿದ್ದು ವಿಹಿತ ಕರ್ಮಗಳ ಬಗ್ಗೆ. ಆದರೂ ಅದರ ತಿರುಳು ಇಲ್ಲಿಗೂ ಸಲ್ಲುತ್ತದೆ. ಬಾವಿಯ ಕಟ್ಟೆಯ ಮೇಲೆ ಆಡುವ ಕೂಸನ್ನು ಎತ್ತಿಕೊಳ್ಳದೆ ಕೈಕಟ್ಟಿ ನಿಂತವನು "ನಾನೇನೂ ಮಾಡಲಿಲ್ಲ" ಎಂದರೆ ಊರು ಒಪ್ಪುತ್ತದೆಯೇ? ಸುಮ್ಮನಿರುವುದೂ ಒಂದು ಆಯ್ಕೆಯೇ. ಅದರ ಫಲವನ್ನೂ ತೂಗಲೇಬೇಕು.

ಇನ್ನೊಂದು ಎಚ್ಚರ. ಕಾಕತಾಳೀಯ ನ್ಯಾಯವೆಂದು ಸಂಸ್ಕೃತದಲ್ಲಿ ಒಂದು ಮಾತಿದೆ. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು. ಕಾಗೆಯೇ ಬೀಳಿಸಿತೆಂದು ನೋಡಿದವನು ತಿಳಿದ. ಕೋಟ್ಯಂತರ ಮಕ್ಕಳಿಗೆ ಒಂದೇ ದಿನ ಹನಿ ಹಾಕಿದಾಗ, ಅವರಲ್ಲಿ ಕೆಲವರಿಗೆ ಅದೇ ರಾತ್ರಿ ಬೇರೆ ಕಾರಣದಿಂದ ಜ್ವರವೋ ಭೇದಿಯೋ ಬಂದೇ ಬರುತ್ತದೆ. ಹಾಗೆಂದು ಪ್ರತಿಯೊಂದು ದೂರನ್ನೂ ಕಾಗೆಯ ಕಥೆಯೆಂದು ತಳ್ಳಿಬಿಡುವುದೂ ತಪ್ಪು. ಪರೀಕ್ಷಿಸಿ ನೋಡಬೇಕು. ಹದಿನೈದು ವರ್ಷದೊಳಗಿನ ಮಗುವಿನ ಕೈಕಾಲು ಹಠಾತ್ತನೆ ಸೋತರೆ, ಮಲದ ಎರಡು ಮಾದರಿಗಳನ್ನು ಪ್ರಯೋಗಶಾಲೆಗೆ ಕಳುಹಿಸಿ, ಅದು ಪೋಲಿಯೊ ಹೌದೋ ಅಲ್ಲವೋ, ಹೌದಾದರೆ ಕಾಡು ವೈರಾಣುವೋ ಲಸಿಕೆಯದೋ ಎಂದು ಪತ್ತೆಮಾಡುವ ಕ್ರಮ ನಮ್ಮ ದೇಶದಲ್ಲಿದೆ. ತಕ್ಕಡಿಗೆ ಹಾಕುವ ಮುನ್ನ ಕಲ್ಲು ಯಾವುದು, ಕಾಳು ಯಾವುದು ಎಂದು ಆರಿಸುವ ಕೆಲಸ ಇದು.

ಒಮ್ಮೆ ತೂಗಿದರೆ ಮುಗಿಯಿತೆ? ಇಲ್ಲ. ತಟ್ಟೆಗಳ ಭಾರ ಕಾಲಕಾಲಕ್ಕೆ ಬದಲಾಗುತ್ತದೆ. 2009ರಲ್ಲಿ ನಮ್ಮ ದೇಶದಲ್ಲಿ 741 ಮಂದಿಗೆ ಪೋಲಿಯೊ ಬಂದಿತ್ತು, 2010ರಲ್ಲಿ 42, 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಒಂದು ಮಗುವಿಗೆ. ಕಾಡು ವೈರಾಣುವಿನಿಂದ ಬಂದ ಕೊನೆಯ ಪೋಲಿಯೊ ಅದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ರೋಗದ ತಟ್ಟೆ ಹಗುರಾದ ಮೇಲೆ ಮೊದಲು ಕಾಣದಿದ್ದ ಲಸಿಕೆಯ ಸಣ್ಣ ಕೆಡುಕು ಭಾರವಾಗಿ ಕಂಡಿತು. ಅದನ್ನು ತಜ್ಞರು ಕಡೆಗಣಿಸಲಿಲ್ಲ. 2015ರ ನವೆಂಬರಿನಲ್ಲಿ ಸತ್ತ ವೈರಾಣುವಿನ ಚುಚ್ಚುಮದ್ದನ್ನೂ ನಮ್ಮ ಕಾರ್ಯಕ್ರಮಕ್ಕೆ ಸೇರಿಸಿದರು. ಅದರಿಂದ ಪೋಲಿಯೊ ಬರಲಾರದು. ಪೋಲಿಯೊ ವೈರಾಣುವಿನ ಮೂರು ಬಗೆಗಳಲ್ಲಿ ಎರಡನೆಯ ಬಗೆಯ ಕಾಡು ವೈರಾಣುವಿನ ರೋಗ 1999ರ ಬಳಿಕ ಎಲ್ಲಿಯೂ ಕಂಡಿರಲಿಲ್ಲವಾದ ಕಾರಣ, 2016ರ ಏಪ್ರಿಲಿನಲ್ಲಿ ಹನಿಯಿಂದ ಆ ಬಗೆಯನ್ನೇ ತೆಗೆದುಹಾಕಿದರು. ಅಮೆರಿಕದವರು 2000ದಲ್ಲಿಯೇ ಹನಿಯನ್ನು ಬಿಟ್ಟು ಚುಚ್ಚುಮದ್ದಿಗೆ ಹೋದರು. ಸಿಡುಬು ತೊಲಗಿದ ಮೇಲೆ ಮನೆಮನೆಯಲ್ಲಿ ದೇವಿ ಹಾಕುವುದು ನಿಂತದ್ದನ್ನು ಹಿರಿಯರು ಬಲ್ಲರು. ಮದ್ದಿನ ಮೇಲೆ ಮೋಹವೂ ಬೇಡ, ದ್ವೇಷವೂ ಬೇಡ ಎಂಬುದಕ್ಕೆ ಇವೇ ನಿದರ್ಶನ.

"ಹಾಗಾದರೆ ನಮ್ಮಲ್ಲಿ ರೋಗವೇ ಇಲ್ಲವಲ್ಲ, ಹನಿ ಏಕೆ?" ಎನ್ನುವವರುಂಟು. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ಕಾಡು ವೈರಾಣು ಇನ್ನೂ ಇದೆ. ರೋಗಕ್ಕೆ ಗಡಿಯ ಹಂಗಿಲ್ಲ. ಅದಲ್ಲದೆ, ಬಹಳ ಮಕ್ಕಳು ಲಸಿಕೆ ತಪ್ಪಿಸಿಕೊಂಡ ಊರಿನಲ್ಲಿ ಹನಿಯ ದುರ್ಬಲ ವೈರಾಣುವೇ ಮಗುವಿನಿಂದ ಮಗುವಿಗೆ ಹರಿದಾಡಿ, ತಿಂಗಳುಗಟ್ಟಲೆ ಬೆಳೆದು ಮತ್ತೆ ಕ್ರೂರವಾಗುತ್ತದೆ. ಲಸಿಕೆಯ ಈ ಕೆಡುಕಿಗೂ ಎಲ್ಲರೂ ಲಸಿಕೆ ಹಾಕಿಸಿಕೊಳ್ಳುವುದೇ ತಡೆ. ಕೆರೆಯ ಏರಿಗೆ ಮನೆಗೊಂದು ಬುಟ್ಟಿ ಮಣ್ಣು ಹಾಕುವಾಗ, "ನಮ್ಮ ಮನೆಯ ಬುಟ್ಟಿ ತಪ್ಪಿದರೆ ಏನಾದೀತು?" ಎಂದು ಒಬ್ಬನು ಲೆಕ್ಕ ಹಾಕಬಹುದು. ಊರೆಲ್ಲ ಅದೇ ಲೆಕ್ಕ ಹಾಕಿದರೆ ಮಳೆಗಾಲದಲ್ಲಿ ಏರಿ ಒಡೆಯುತ್ತದೆ.

ಕಡೆಯದಾಗಿ, 27 ಲಕ್ಷದಲ್ಲಿ ಒಂದು ಎಂಬುದು ನಮಗೆ ಸಂಖ್ಯೆ. ಆ ಮನೆಗೆ ಅದು ಮಗು. ಎಲ್ಲರ ಹಿತಕ್ಕಾಗಿ ಕಟ್ಟಿದ ಏರಿಯ ಕೆಳಗೆ ಒಬ್ಬನ ಹೊಲ ಮುಳುಗಿದರೆ, ಆ ನಷ್ಟವನ್ನು ತುಂಬಿಕೊಡುವುದು ಊರಿನ ಧರ್ಮ. ಬ್ರಿಟನ್ನಿನಲ್ಲಿ 1979ರಲ್ಲಿ, ಅಮೆರಿಕದಲ್ಲಿ 1986ರಲ್ಲಿ ಇಂಥವರಿಗೆ ನೆರವು ನೀಡುವ ಕಾನೂನನ್ನೇ ಮಾಡಿದರು. ಕಾನೂನು ಇರಲಿ, ಇಲ್ಲದಿರಲಿ, ಅಂಥ ಮನೆಯೊಂದು ನಿಮ್ಮ ಊರಿನಲ್ಲಿದ್ದರೆ ಅವರ ಮಾತನ್ನು ಸುಳ್ಳೆನ್ನಬೇಡಿ. ಅವರ ನೋವನ್ನು ಹೆದರಿಸುವ ಸುದ್ದಿಯನ್ನಾಗಿಯೂ ಮಾಡಬೇಡಿ. ಆ ಮಗುವಿನ ಚಿಕಿತ್ಸೆಗೆ, ಓದಿಗೆ, ಬದುಕಿಗೆ ಊರೇ ಹೆಗಲು ಕೊಡಲಿ. ಉಳಿದ ಲಕ್ಷಾಂತರ ಮಕ್ಕಳು ನೆಟ್ಟಗೆ ನಡೆಯುತ್ತಿರುವುದಕ್ಕೆ ನಾವು ತೀರಿಸಬೇಕಾದ ಋಣ ಅದು. ಅದೇ ನಿಜವಾದ ದಾಸೋಹ.

ಮಕ್ಕಳಿಗೆ ಲಸಿಕೆ ಹಾಕಿಸಿರಿ. ಕಣ್ಣು ತೆರೆದು ಹಾಕಿಸಿರಿ. ಕೇಳಬೇಕಾದ್ದನ್ನು ವೈದ್ಯರನ್ನು ನಿಸ್ಸಂಕೋಚವಾಗಿ ಕೇಳಿರಿ. ನಿಮ್ಮೆಲ್ಲರ ಮನೆಯ ಮಕ್ಕಳು ಆಯುರಾರೋಗ್ಯವಂತರಾಗಿ ಬಾಳಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.