ಸಂಕ ದಾಟುವ ಹದ

ನಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತೋಡು ಇತ್ತು. ಅದಕ್ಕೆ ಅಡ್ಡಲಾಗಿ ಎರಡು ಅಡಿಕೆ ಮರಗಳನ್ನು ಜೋಡಿಸಿ ಹಾಕಿದ ಒಂದು ಸಂಕ. ಬೆಳ್ತಂಗಡಿ ತಾಲೂಕಿನ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನನ್ನ ಓರಗೆಯ ಹುಡುಗರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬುತ್ತಿ ಹಿಡಿದು ಓಡುತ್ತ ದಾಟುತ್ತಿದ್ದ ಆ ಸಂಕವನ್ನು ನಾನು ಕುಳಿತು, ತೆವಳಿಕೊಂಡು ದಾಟುತ್ತಿದ್ದೆ. ಆದರೂ ಮೂರು ಸಲ ತೋಡಿಗೆ ಬಿದ್ದವನು ನಾನೊಬ್ಬನೇ.

ಮನೆಯಲ್ಲಿಯೂ ಅದೇ ಕಥೆ. ಹೊಸ್ತಿಲು ಎಡವುವುದು, ಕಂಬಕ್ಕೆ ಭುಜ ತಾಗಿಸುವುದು, ತುಂಬಿದ ಚೆಂಬನ್ನು ಉರುಳಿಸುವುದು ನನ್ನ ನಿತ್ಯಕರ್ಮಗಳಾಗಿದ್ದವು. ಅಕ್ಷರಗಳು ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. ಅದಕ್ಕೆ ಬೆತ್ತದ ಏಟು ಬೀಳುತ್ತಿತ್ತು. ಕೈಕಾಲುಗಳ ಹೊಂದಾಣಿಕೆ ತಡವಾಗಿ ಬರುವ ಮಕ್ಕಳು ನೂರಕ್ಕೆ ಐದಾರು ಮಂದಿಯಾದರೂ ಇರುತ್ತಾರೆಂದು ವೈದ್ಯರು ಇಂದು ಹೇಳುತ್ತಾರೆ. ಅದು ಸೋಮಾರಿತನವೂ ಅಲ್ಲ, ಮಂದಬುದ್ಧಿಯೂ ಅಲ್ಲ. ಈ ಮಾತು ನನ್ನ ಬೆನ್ನಿಗೆ ಐವತ್ತು ವರ್ಷ ತಡವಾಗಿ ತಲುಪಿತು.

ಸಂಕದ ವಿಚಾರದಲ್ಲಿ ನನಗೆ ಬುದ್ಧಿ ಹೇಳಿದವರು ನನ್ನ ಸೋದರಮಾವ. ‘ನೀರನ್ನು ನೋಡಬೇಡ ಮಾರಾಯಾ, ಆಚೆ ದಡದ ಮರವನ್ನು ನೋಡು’ ಎಂದರು. ಶಾಸ್ತ್ರ ಓದದ ಅವರ ಮಾತಿನಲ್ಲಿ ಎಂತಹ ಶಾಸ್ತ್ರವಿತ್ತೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ನಾವು ನೇರವಾಗಿ ನಿಲ್ಲುವುದು ಮೂರು ಸಾಕ್ಷಿಗಳನ್ನು ನಂಬಿ. ಒಂದು ಕಣ್ಣು, ಎರಡನೆಯದು ಒಳಗಿವಿಯಲ್ಲಿ ದ್ರವ ತುಂಬಿರುವ ಮೂರು ಪುಟ್ಟ ಬಳೆಗಳು ಹಾಗೂ ಅವುಗಳ ಬುಡದ ಸೂಕ್ಷ್ಮ ಅಂಗಗಳು, ಮೂರನೆಯದು ಅಂಗಾಲು ಮತ್ತು ಕೀಲು ಸ್ನಾಯುಗಳಿಂದ ಬರುವ ಅರಿವು. ಈ ಮೂರರ ಹೇಳಿಕೆಗಳನ್ನು ತಾಳೆ ನೋಡಿ ಮೈಗೆ ಅಪ್ಪಣೆ ಕೊಡುವುದರಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ಹರಿಯುವ ನೀರನ್ನು ದಿಟ್ಟಿಸಿದಾಗ ಕಣ್ಣು ಸುಳ್ಳುಸಾಕ್ಷಿ ನುಡಿಯುತ್ತದೆ: ನೀರಲ್ಲ, ನೀನೇ ಚಲಿಸುತ್ತಿರುವೆ ಎನ್ನುತ್ತದೆ. ಅದನ್ನು ನಂಬಿದ ಮೈ ನೀರು ಹರಿಯುವ ಕಡೆಗೇ ವಾಲುತ್ತದೆ. ದಡದ ಮರವಾದರೋ ಅಲುಗದ ಸಾಕ್ಷಿ.

ಹದ ಎಂಬುದು ಹುಟ್ಟಿನಿಂದ ಬರುವುದೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಸಡಿಲಿದ್ದು ಯಕ್ಷಗಾನದ ಪಾಠ ನಡೆಯುವುದನ್ನು ಕಂಡಾಗ. ಧರ್ಮಸ್ಥಳದ ಲಲಿತಕಲಾ ಕೇಂದ್ರದಲ್ಲಿ ಪಡ್ರೆ ಚಂದು ಅವರಂತಹ ಗುರುಗಳು ಹುಡುಗರನ್ನು ತಿದ್ದಿದ ಬಗೆಯನ್ನು ಬಲ್ಲವರು ಈಗಲೂ ನೆನೆಯುತ್ತಾರೆ. ತೆಂಕುತಿಟ್ಟಿನ ಹುಡುಗ ಮೊದಲ ದಿನವೇ ಧೀಂಗಿಣ ಹಾರುವುದಿಲ್ಲ. ಮೊದಲು ಕೈಯಲ್ಲಿ ತಾಳ. ಬಳಿಕ ನಿಂತಲ್ಲೇ ಹೆಜ್ಜೆ. ಅದೂ ನಿಧಾನಗತಿಯಲ್ಲಿ, ನೋಡುವವರಿಗೆ ಬೇಸರ ಬರುವಷ್ಟು ಸಲ. ನಿಧಾನದಲ್ಲಿ ತಪ್ಪು ತಾನಾಗಿ ಕಾಣುತ್ತದೆ, ವೇಗ ಅದನ್ನು ಮುಚ್ಚಿಡುತ್ತದೆ. ಹೆಜ್ಜೆ ಮೈಗೂಡಿದ ಮೇಲೆ ಮನಸ್ಸಿಗೆ ಬಿಡುವು ಸಿಗುತ್ತದೆ; ಆಗಲೇ ಅಭಿನಯ.

ಕಂಬಳದ ಗದ್ದೆಯಲ್ಲಿಯೂ ಇದೇ ಪಾಠ. ಮೂಡಬಿದಿರೆಯ ಕಡಲಕೆರೆಯಲ್ಲಿ ನಡೆಯುವ ಕೋಟಿ-ಚೆನ್ನಯ ಕಂಬಳವನ್ನು ನೋಡಿದವರು ಕನೆಹಲಗೆಯನ್ನು ಮರೆಯಲಾರರು. ಕೋಣಗಳ ಹಿಂದೆ ಸಾಗುವ ಹಲಗೆಯ ಮೇಲೆ ಕಾಲೂರಿ, ನೀರು ನಿಶಾನೆಗೆ ಚಿಮ್ಮುವಂತೆ ಭಾರವನ್ನು ಹದಗೊಳಿಸುವ ಆ ಓಟಗಾರನ ಅಂಗಾಲು ಎಷ್ಟನ್ನು ಬಲ್ಲುದೋ! ಮೂಡಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕೆರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಲೋಕವೆಲ್ಲ ವೇಗದ ಮಾತಾಡಿತು. ಕೆಸರಿನಲ್ಲಿ ಮುಗ್ಗರಿಸದೆ ಓಡಿದರಲ್ಲ, ನನಗೆ ಅಚ್ಚರಿ ಅದು.

ಇನ್ನು ನನ್ನ ಅಮ್ಮನ ಮಾತು. ಮಳೆಗಾಲದಲ್ಲಿ ನಮ್ಮ ಅಂಗಳಗಳು ಪಾಚಿಗಟ್ಟುತ್ತವೆ. ಜಾರದಂತೆ ತೆಂಗಿನ ಮಡಲನ್ನೋ ಅಡಿಕೆ ಮರದ ಸೀಳುಗಳನ್ನೋ ಹಾಸುವುದು ವಾಡಿಕೆ. ಒಂದು ವರ್ಷ ನಾನು ಅದನ್ನು ನಾಳೆ, ನಾಡಿದ್ದು ಎಂದು ಮುಂದೂಡಿದೆ. ಎಪ್ಪತ್ತೆರಡು ವರ್ಷದ ಅಮ್ಮ ಹಟ್ಟಿಗೆ ಹೊರಟವರು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆ ಬಳಿಕ ಅವರು ತೋಟಕ್ಕಿಳಿಯಲಿಲ್ಲ. ಎರಡು ಮಳೆಗಾಲ ಜಗಲಿಯಿಂದಲೇ ತೋಟವನ್ನು ನೋಡುತ್ತ ಕಳೆದರು. ಜಗತ್ತಿನಲ್ಲಿ ಪ್ರತಿವರ್ಷ ಬಿದ್ದು ಸಾಯುವವರು ಸುಮಾರು 6 ಲಕ್ಷ 84 ಸಾವಿರ ಮಂದಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನನಗೆ ಆ ಲೆಕ್ಕದಲ್ಲಿ ಒಂದೇ ಮುಖ ಕಾಣುತ್ತದೆ.

ನಿವೃತ್ತನಾದ ಮರುವರ್ಷ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸಿನಿಂದಿಳಿಯುವಾಗ ನಾನೂ ಬಿದ್ದೆ. ತರಚುಗಾಯವಷ್ಟೆ, ಆದರೆ ಹೆದರಿಕೆ ಮನೆಗೆ ಜೊತೆಯಾಗಿ ಬಂತು. ಹೆದರಿದವನು ಮೈ ಬಿಗಿಹಿಡಿದು ನಡೆಯುತ್ತಾನೆ, ಬಿಗಿದ ಮೈ ಬೇಗ ಬೀಳುತ್ತದೆ. ವೈದ್ಯರು ಪಾದಗಳನ್ನು ಜೋಡಿಸಿ ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಜರ್ಮನಿಯ ರೋಂಬರ್ಗ್ 19ನೆಯ ಶತಮಾನದಲ್ಲಿ ವಿವರಿಸಿದ ಪರೀಕ್ಷೆ ಅದು. ನಾನು ತೂಗಾಡಿದೆ, ಬೀಳಲಿಲ್ಲ. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮುಗಟ್ಟಿದೆಯೇ, ಯಾವುದಾದರೂ ಮಾತ್ರೆ ತಲೆಸುತ್ತು ತರುತ್ತಿದೆಯೇ, ಕನ್ನಡಕ ಸರಿಯಿದೆಯೇ ಎಂದೆಲ್ಲ ವಿಚಾರಿಸಿದರು. ಈ ವಿಚಾರಣೆ ಮೊದಲು ಆಗಬೇಕು. ಇದ್ದಕ್ಕಿದ್ದಂತೆ ನಡೆ ತಪ್ಪಿದವರು, ಒಂದು ಬದಿಯ ಕೈಕಾಲು ಸೋತವರು ವ್ಯಾಯಾಮ ಹುಡುಕದೆ ನೇರ ಆಸ್ಪತ್ರೆಗೆ ಹೋಗತಕ್ಕದ್ದು.

ನನಗೆ ಸಿಕ್ಕಿದ ಮದ್ದು ಬಹಳ ಅಗ್ಗದ್ದು. ಬೆಳಗ್ಗೆ ಹಲ್ಲುಜ್ಜುವಾಗ ಜಗಲಿಯ ಕಂಬದ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಲ್ಲುವುದು. ಮೊದಲು ಕಂಬ ಹಿಡಿದು, ವಾರ ಕಳೆದ ಮೇಲೆ ಒಂದೇ ಬೆರಳು ತಾಗಿಸಿ, ಅನಂತರ ಬರಿದೆ. ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವುದು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು. ಮೊದಲ ದಿನ ನಾನು ನಿಂತದ್ದು ಮೂರು ಎಣಿಸುವಷ್ಟು ಹೊತ್ತು. ಬ್ರೆಜಿಲ್ ದೇಶದಲ್ಲಿ 51ರಿಂದ 75 ವಯಸ್ಸಿನ 1,702 ಮಂದಿಯನ್ನು ಹೀಗೆ ನಿಲ್ಲಿಸಿ ನೋಡಿದ ವರದಿ 2022ರಲ್ಲಿ ಪ್ರಕಟವಾಯಿತು. ಐವರಲ್ಲಿ ಒಬ್ಬರಿಗೆ ಹತ್ತು ಸೆಕೆಂಡು ನಿಲ್ಲಲಾಗಲಿಲ್ಲವಂತೆ. ಸಮತೋಲನದ ಅಭ್ಯಾಸ ಮುಂತಾದ ವ್ಯಾಯಾಮಗಳಿಂದ ವೃದ್ಧರು ಬೀಳುವುದು ಸುಮಾರು ಕಾಲು ಭಾಗದಷ್ಟು ತಗ್ಗುತ್ತದೆಂಬುದೂ ಹಲವು ಅಧ್ಯಯನಗಳಿಂದ ತಿಳಿದುಬಂದಿದೆ. ಮೂರು ತಿಂಗಳಲ್ಲಿ ನಾನು ಮೂವತ್ತು ಎಣಿಸಿದೆ. ಮೊಮ್ಮಗಳು ಎಣಿಕೆಯಲ್ಲಿ ಮೋಸ ಮಾಡುತ್ತಿದ್ದಳೆಂಬ ಗುಮಾನಿ ನನಗಿದೆ.

ಕಳೆದ ಆಟಿಯಲ್ಲಿ ಆ ಹಳೆಯ ತೋಡಿನ ಬಳಿಗೆ ಹೋಗಿದ್ದೆ. ಅಡಿಕೆ ಮರದ ಸಂಕ ಹೋಗಿ ಅಲ್ಲೀಗ ಕಾಂಕ್ರೀಟಿನ ಕಾಲುಸಂಕ ಬಂದಿದೆ. ಹಿಡಿದುಕೊಳ್ಳಲು ಇಕ್ಕೆಲಗಳಲ್ಲಿ ಕಬ್ಬಿಣದ ಕಂಬಿಗಳು. ಕಂಬಿಯನ್ನು ಮುಟ್ಟದೆ ದಾಟಿದೆ. ಹಿಂತಿರುಗುವಾಗ ನಡುವೆ ನಿಂತು, ಮಾವನ ಮಾತನ್ನು ಮೀರಿ, ಕೆಂಪಗೆ ಹರಿಯುವ ನೀರನ್ನು ತುಸು ಹೊತ್ತು ನೋಡಿದೆ. ಮನೆಗೆ ಬಂದು ಈ ಸಾಹಸವನ್ನು ಹೇಳುವ ಉತ್ಸಾಹದಲ್ಲಿ ಮೊಣಕೈ ತಾಗಿಸಿ ಕಾಫಿಯ ಲೋಟವನ್ನು ಉರುಳಿಸಿದೆ.