ಬೀದಿಯ ಮರ ಯಾರದು?

ಮನೆಯಲ್ಲಿ ಕೈತೋಟವಿದ್ದವರಿಗೆ ಬೀದಿಯ ಮರ ಬರೀ ಅಲಂಕಾರ. ಹೂ ಮಾರುವವರಿಗೆ, ಚಪ್ಪಲಿ ಹೊಲಿಯುವವರಿಗೆ, ಬಸ್ಸಿಗೆ ಕಾಯುವ ನಿಮಗೆ ಅದೇ ಸೂರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ನೋಡಲು ಟಿಕೆಟ್ಟಿಲ್ಲ!

ಮರಗಳಿಗಾಗಿ ಈ ಊರು ಎದ್ದು ನಿಂತದ್ದೂ ಉಂಟು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳು ಬಲಿಯಾಗಲಿದ್ದವು. 2016ರ ಅಕ್ಟೋಬರ್ 16ರಂದು ಜನ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. ವಿವಾದ ಬೆಳೆದು, 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಬೇರೆಡೆ ಸಸಿ ನೆಟ್ಟರಾಯಿತು ಎನ್ನುವವರಿದ್ದಾರೆ. ಸಸಿ ನೆರಳು ಕೊಡಲು ವರ್ಷಗಳೇ ಬೇಕು. ಅಲ್ಲಿಯತನಕ ಹೂವಿನವರು ಬುಟ್ಟಿಯನ್ನು ಎಲ್ಲಿಡಬೇಕು?