ಎಲ್ಲರಿಗೂ ಪ್ರತಿಮೆ, ಒಬ್ಬನಿಗೆ ಗಡಿಯಾರ

ಆಗಸ್ಟ್ ರೋದಾನ್‌ನ ‘ಚಿಂತಕ’ ಶಿಲ್ಪವನ್ನು ನೋಡದವರು ಈ ಸಭೆಯಲ್ಲಿ ಇರಲಾರರು. ಅದಕ್ಕಾಗಿ ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಪುಸ್ತಕದ ಮುಖಪುಟದಲ್ಲೋ ವ್ಯಂಗ್ಯಚಿತ್ರದಲ್ಲೋ ಜಾಹೀರಾತಿನಲ್ಲೋ ಗಲ್ಲಕ್ಕೆ ಕೈ ಕೊಟ್ಟು ಕೂತ ಆ ಮನುಷ್ಯ ಎಲ್ಲರ ಕಣ್ಣಿಗೂ ಬಿದ್ದಿರುತ್ತಾನೆ. 2001ರ ಅಕ್ಟೋಬರಿನಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಗೇಮ್ ಬಾಯ್ ಅಡ್ವಾನ್ಸ್‌ಗೆಂದು ‘ಗ್ಯಾಕುತೆನ್ ಸೈಬಾನ್’ ಎಂಬ ನ್ಯಾಯಾಲಯದ ಆಟವನ್ನು ಹೊರತಂದಿತು. 2005ರಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಹೆಸರು ‘ಏಸ್ ಅಟಾರ್ನಿ’. ಆ ಆಟದ ಮೊಟ್ಟಮೊದಲ ಮೊಕದ್ದಮೆಯಲ್ಲಿ ಕೊಲೆಗೆ ಬಳಸಿದ ಮುದ್ದೆಮಾಲು ಇದೇ ಚಿಂತಕನ ಪ್ರತಿಮೆ. ಪೊಲೀಸರಿಗೆ ಅದು ಪ್ರತಿಮೆ, ನ್ಯಾಯಾಧೀಶರಿಗೆ ಪ್ರತಿಮೆ, ಆಡುತ್ತಿರುವ ನಮಗೂ ಪ್ರತಿಮೆ. ಕಟಕಟೆಗೆ ಬಂದ ಸಾಕ್ಷಿ ಮಾತ್ರ ಬಾಯಿತಪ್ಪಿ ಅದನ್ನು ಗಡಿಯಾರ ಎಂದುಬಿಡುತ್ತಾನೆ. ಅದು ನಿಜವಾಗಿಯೂ ಗಡಿಯಾರವೇ, ದನಿಯಲ್ಲಿ ಸಮಯ ಹೇಳುವಂಥದ್ದು. ಆದರೆ ನೋಡಿದವರಿಗೆ ಅದು ತಿಳಿಯುವುದಿಲ್ಲ, ಅದರ ದನಿ ಕೇಳಿದವನಿಗೆ ಮಾತ್ರ ಗೊತ್ತು. ಕೊಲೆಯ ಹೊತ್ತಿನಲ್ಲಿ ಆ ಮನೆಯೊಳಗೆ ಇದ್ದವನು ಯಾರು ಎಂಬುದು ಆ ಒಂದು ಮಾತಿನಲ್ಲಿ ಬಯಲಾಗುತ್ತದೆ.

ಇಂದಿನ ವಿಚಾರ ಸಂಕಿರಣದ ಆಶಯವನ್ನು ಈ ಪ್ರತಿಮೆಯಿಂದಲೇ ಹೇಳಲು ಬಯಸುತ್ತೇನೆ. ಲೋಕಪ್ರಸಿದ್ಧವಾದ ಒಂದು ಚಿತ್ರವನ್ನು ಆಟದೊಳಗೆ ತಂದಿಟ್ಟವರು ಅದನ್ನು ಅಲಂಕಾರಕ್ಕೆ ಇಡಲಿಲ್ಲ. ನಮಗೆ ಚೆನ್ನಾಗಿ ಗೊತ್ತು ಎಂಬ ನಮ್ಮ ಭರವಸೆಯ ಹಿಂದೆಯೇ ಸತ್ಯವನ್ನು ಬಚ್ಚಿಟ್ಟರು. ಈ ಮಾಲೆಯ ಆಟಗಳಲ್ಲಿ ಸಿನಿಮಾ, ಟಿವಿ, ಪತ್ತೇದಾರಿ ಸಾಹಿತ್ಯ, ಕ್ರೀಡೆಗಳ ಉಲ್ಲೇಖಗಳು ನೂರಾರು ಅಡಗಿವೆ. ಅವನ್ನು ಹುಡುಕಿ ಪಟ್ಟಿ ಮಾಡುವ ಕೆಲಸವನ್ನು ಅಭಿಮಾನಿಗಳು ವರ್ಷಗಳಿಂದ ಪ್ರೀತಿಯಿಂದ ಮಾಡಿದ್ದಾರೆ, ಆ ಶ್ರಮಕ್ಕೆ ನಾವು ಋಣಿಗಳು. ವಿದ್ವತ್ತಿನ ಕೆಲಸ ಅಲ್ಲಿಂದ ಮುಂದಿನದು. ಪ್ರತಿ ಉಲ್ಲೇಖವನ್ನೂ ಒಂದು ಪ್ರಶ್ನೆಗೆ ಒಡ್ಡೋಣ: ಇದನ್ನು ತೆಗೆದುಹಾಕಿದರೆ ಮೊಕದ್ದಮೆ ಬಿದ್ದುಹೋಗುತ್ತದೆಯೇ? ಬಿದ್ದುಹೋಗುವುದಾದರೆ ಅದು ಪುರಾವೆ. ನನ್ನ ಗಮನ ಪೂರ್ತಿ ಇರುವುದು ಅಂಥ ಪುರಾವೆಗಳ ಮೇಲೆ. (ಮುಂದೆ ಕೊಲೆಗಾರರನ್ನು ಬಯಲುಮಾಡದೆ ಮಾತಾಡಲು ಆಗುವುದಿಲ್ಲ. ಆಟ ಮುಗಿಸಿರದವರು ದಯವಿಟ್ಟು ಸಹಿಸಿಕೊಳ್ಳಬೇಕು.)

ಆಡದವರಿಗಾಗಿ ಎರಡು ಮಾತು. ಇದನ್ನು ಬರೆದು ನಿರ್ದೇಶಿಸಿದವರು ಶು ತಕುಮಿ, ಮೊದಲ ಆಟದ ತಂಡದಲ್ಲಿ ಇದ್ದವರು ಏಳೇ ಜನ. ಓಡುವುದು, ಗುಂಡು ಹಾರಿಸುವುದು ಇಲ್ಲಿಲ್ಲ. ಫೀನಿಕ್ಸ್ ರೈಟ್ ಎಂಬ ಹೊಸ ವಕೀಲನಾಗಿ ನಾವು ಸಾಕ್ಷಿಯ ಹೇಳಿಕೆಯನ್ನು ಸಾಲು ಸಾಲಾಗಿ ಓದುತ್ತೇವೆ, ಕೈಯಲ್ಲಿರುವ ಪುರಾವೆಗೆ ಹೊಂದದ ಸಾಲು ಸಿಕ್ಕಾಗ ಆಕ್ಷೇಪಣೆ ಎತ್ತುತ್ತೇವೆ. ಅಂದರೆ ಆಟದ ಏಕೈಕ ಶೌರ್ಯವೆಂದರೆ ಓದುವುದು. ಇಂಥ ಆಟದೊಳಗೆ ಬರುವ ಉಲ್ಲೇಖ ಬೇರೆ ಆಟಗಳ ಉಲ್ಲೇಖದ ಹಾಗಲ್ಲ. ಯಾವುದನ್ನೂ ಕಣ್ಣುಮುಚ್ಚಿ ದಾಟಬಾರದು ಎಂದು ಆಟವೇ ನಮಗೆ ಅಭ್ಯಾಸ ಮಾಡಿಸಿರುತ್ತದೆ.

ಮೊದಲ ಆಟದ ಮೂರನೆಯ ಮೊಕದ್ದಮೆಯಲ್ಲಿ ‘ಸ್ಟೀಲ್ ಸಮುರಾಯ್’ ಎಂಬ ಮಕ್ಕಳ ಟಿವಿ ಧಾರಾವಾಹಿ ಬರುತ್ತದೆ. ಜಪಾನಿನಲ್ಲಿ 1966ರ ‘ಅಲ್ಟ್ರಾಮನ್’, 1971ರ ‘ಕಾಮೆನ್ ರೈಡರ್’ ಇವುಗಳಿಂದ ಬೆಳೆದ, ತೊಕುಸಾತ್ಸು ಎಂಬ ವೇಷಧಾರಿ ವೀರರ ಪರಂಪರೆಗೆ ಅದು ನೇರ ನಮಸ್ಕಾರ. ತಲೆಯಿಂದ ಕಾಲಿನವರೆಗೆ ಮುಚ್ಚಿದ ವೇಷ, ರಾಕ್ಷಸ ಎದುರಾಳಿ, ಕೊನೆಗೆ ನಾಯಕನ ಗೆಲುವು. ಈ ಪ್ರಕಾರದ ಒಂದು ಒಳಗುಟ್ಟೇನೆಂದರೆ, ವೇಷ ಎಲ್ಲರಿಗೂ ಗೊತ್ತು, ಒಳಗಿರುವ ನಟ ಯಾರಿಗೂ ಕಾಣುವುದಿಲ್ಲ. ತಕುಮಿ ಮೊಕದ್ದಮೆ ಕಟ್ಟಿದ್ದು ಈ ಗುಟ್ಟಿನ ಮೇಲೆ. ಖಳನ ಪಾತ್ರ ಮಾಡುತ್ತಿದ್ದವನು ಸತ್ತಿದ್ದಾನೆ, ಘಟನೆಯ ಸ್ಥಳದತ್ತ ಸ್ಟೀಲ್ ಸಮುರಾಯ್ ನಡೆದು ಹೋಗಿದ್ದು ಕಂಡಿದೆ, ಹಾಗಾಗಿ ನಾಯಕನ ಪಾತ್ರದ ವಿಲ್ ಪವರ್ಸ್ ಜೈಲಿನಲ್ಲಿದ್ದಾನೆ. ಕೊನೆಗೆ ತಿಳಿಯುವುದು, ಆ ವೇಷದೊಳಗೆ ಇದ್ದವನು ಸತ್ತವನೇ ಎಂದು. ತೊಕುಸಾತ್ಸುವಿನ ವ್ಯಾಕರಣ ತೆಗೆದುಬಿಡಿ, ಈ ಮೊಕದ್ದಮೆಯಲ್ಲಿ ಉಳಿಯುವುದು ಏನೂ ಇಲ್ಲ.

ನಾಲ್ಕನೆಯ ಮೊಕದ್ದಮೆ ನನಗೆ ಇನ್ನೂ ಅಚ್ಚುಮೆಚ್ಚು. ಗೋರ್ಡ್ ಲೇಕ್ ಎಂಬ ಕೆರೆಯಲ್ಲಿ ‘ಗೋರ್ಡಿ’ ಎಂಬ ಜಲರಾಕ್ಷಸ ಇದೆಯೆಂದು ಪತ್ರಿಕೆಯಲ್ಲಿ ಫೋಟೋ ಬಂದಿರುತ್ತದೆ. ಸ್ಕಾಟ್ಲೆಂಡಿನ ಲಾಕ್ ನೆಸ್ ನೆನಪಾಗದವರಿಲ್ಲ. ಅದರ ಬೆನ್ನು ಹತ್ತಿದ ಹುಡುಗಿಯೊಬ್ಬಳು, ದೊಡ್ಡ ಸದ್ದಾದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾವನ್ನು ದಡದಲ್ಲಿ ಇಟ್ಟಿರುತ್ತಾಳೆ. ಗುಂಡಿನ ಸದ್ದಿಗೆ ಆ ಕ್ಯಾಮೆರಾ ಚಾಲೂ ಆಗಿ, ರಾಕ್ಷಸನ ಬದಲು ಕೊಲೆಯ ಚಿತ್ರ ಸಿಗುತ್ತದೆ. ರಾಕ್ಷಸ ಏನು ಹಾಗಾದರೆ? ಕೆರೆಯಂಚಿನಲ್ಲಿ ತಿಂಡಿ ಮಾರುತ್ತಿದ್ದವನ ಗಾಳಿ ತುಂಬಿದ ಸ್ಟೀಲ್ ಸಮುರಾಯ್ ಬೊಂಬೆ! ಅದಕ್ಕೆ ಗಾಳಿ ತುಂಬುವ ಸಿಲಿಂಡರ್ ಸದ್ದು ಮಾಡಿ ಹಾರಿ ನೀರಿಗೆ ಬಿದ್ದಿತ್ತು. ಟಿವಿ ನಾಯಕನ ಆಟಿಕೆ ಊರಿಗೇ ರಾಕ್ಷಸನಾಗಿತ್ತು. ಈಗ ನಿಜದ ಲಾಕ್ ನೆಸ್‌ಗೆ ಹೋಗೋಣ. 1934ರಲ್ಲಿ ‘ಡೇಲಿ ಮೇಲ್’ ಪತ್ರಿಕೆಯಲ್ಲಿ ಬಂದ ಆ ಜಗತ್ಪ್ರಸಿದ್ಧ ಫೋಟೋದಲ್ಲಿ ಇದ್ದದ್ದು ಆಟಿಕೆಯ ಸಬ್‌ಮರೀನ್‌ಗೆ ಅಂಟಿಸಿದ ಕೃತಕ ತಲೆ ಎಂಬುದು 1994ರಲ್ಲಿ ಬಯಲಾಯಿತು. ಆಟಿಕೆಯಿಂದ ಹುಟ್ಟಿದ ದಂತಕತೆಯ ಬಗ್ಗೆ, ಆಟಿಕೆಯಿಂದಲೇ ಹುಟ್ಟಿದ ಇನ್ನೊಂದು ದಂತಕತೆ. ಇದು ತಿಳಿದವನಿಗೆ ಗೋರ್ಡಿಯ ಒಗಟು ಬಿಡಿಸುವ ದಾರಿ ಮೊದಲೇ ಹೊಳೆಯಬಹುದು.

ಅದೇ ಮೊಕದ್ದಮೆಯಲ್ಲಿ ವಕೀಲನು ಗಿಣಿಯೊಂದಕ್ಕೆ ಪಾಟೀಸವಾಲು ಹಾಕುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗಿದ್ದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ 1933ರಲ್ಲಿ ಪೆರಿ ಮೇಸನ್ ಎಂಬ ವಕೀಲನನ್ನು ಸೃಷ್ಟಿಸಿದರು. ಆ ಮಾಲೆಯಲ್ಲಿ 1939ರ ಒಂದು ಕಾದಂಬರಿ, ಶೀರ್ಷಿಕೆಯಲ್ಲೇ ಸುಳ್ಳುಸಾಕ್ಷಿಯ ಗಿಣಿಯನ್ನು ಇಟ್ಟುಕೊಂಡಿದೆ. 1957ರಿಂದ 1966ರವರೆಗೆ ಮೇಸನ್ ಅಮೆರಿಕದ ಟಿವಿಯಲ್ಲಿ ಬಂದ. ನಿಜವಾದ ಅಪರಾಧಿ ಕಟಕಟೆಯಲ್ಲೇ ಕುಸಿದು ತಪ್ಪೊಪ್ಪಿಕೊಳ್ಳುವ ದೃಶ್ಯವನ್ನು ಮನೆಮನೆಗೆ ತಲುಪಿಸಿದ್ದು ಅದು. ನಿಜದ ಕೋರ್ಟುಗಳಲ್ಲಿ ಹಾಗೆ ನಡೆಯುವುದು ಅಪರೂಪ. ಆದರೂ ಜನಸಾಮಾನ್ಯರು ಕೋರ್ಟನ್ನು ಕಲಿಯುವುದು ಪರದೆಯಿಂದಲೇ. ನಮ್ಮಲ್ಲೂ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ವಕೀಲ ಸಿ.ಎಸ್.ಪಿ.ಯಿಂದ ಪಾಟೀಸವಾಲಿನ ಸೊಗಸು ಕಂಡ ಮನೆಗಳು ಎಷ್ಟಿಲ್ಲ! ಏಸ್ ಅಟಾರ್ನಿ ಮಾಲೆಯ 2007ರ ‘ಅಪೋಲೋ ಜಸ್ಟೀಸ್’ ಆಟದಲ್ಲಿ ಜ್ಯೂರಿ ಪದ್ಧತಿಯ ಪ್ರಯೋಗ ನಡೆಯುತ್ತದೆ, ಅಲ್ಲಿ ಬಳಸುವ ವ್ಯವಸ್ಥೆಯ ಹೆಸರು ‘ಮೇಸನ್ ಸಿಸ್ಟಮ್’. ಆಗ ಜಪಾನಿನಲ್ಲಿ ನಾಗರಿಕರೂ ನ್ಯಾಯಪೀಠದಲ್ಲಿ ಕೂರುವ ಕಾನೂನು 2004ರಲ್ಲೇ ಅಂಗೀಕಾರವಾಗಿ, 2009ರ ಮೇ ತಿಂಗಳಲ್ಲಿ ಜಾರಿಯಾಗುವುದರಲ್ಲಿತ್ತು. ದೇಶವೊಂದು ತನ್ನ ನ್ಯಾಯಪದ್ಧತಿಯನ್ನು ಬದಲಿಸುತ್ತಿದ್ದ ಹೊತ್ತಿನಲ್ಲಿ ಆಟದ ಜ್ಯೂರಿಗೆ ಅಮೆರಿಕದ ಕಾಲ್ಪನಿಕ ವಕೀಲನೊಬ್ಬನ ಹೆಸರು ಬಂದು ಸೇರಿತು. ಕಾನೂನು ಓದುವ ವಿದ್ಯಾರ್ಥಿಗಳು ಇಲ್ಲಿದ್ದರೆ ಇದನ್ನು ಕೈಗೆತ್ತಿಕೊಳ್ಳಬೇಕು.

ತಕುಮಿ ತಮ್ಮ ಋಣವನ್ನು ಮುಚ್ಚಿಟ್ಟವರಲ್ಲ. ಪೀಟರ್ ಫಾಕ್ ನಟಿಸಿದ ‘ಕೊಲಂಬೊ’ ಮತ್ತು ಎಡೊಗಾವಾ ರಾಂಪೊ ಅವರ ಕತೆಗಳನ್ನು ಅವರೇ ನೆನೆದಿದ್ದಾರೆ. ಕೊಲೆಗಾರನನ್ನು ಆರಂಭದಲ್ಲೇ ತೋರಿಸಿ, ಅವನು ಸಿಕ್ಕಿಬೀಳುವ ಬಗೆಯನ್ನೇ ಕತೆ ಮಾಡುವುದು ಕೊಲಂಬೊ ಕ್ರಮ. ಮೊದಲ ಮೊಕದ್ದಮೆ ಹಾಗೆಯೇ ತೆರೆದುಕೊಳ್ಳುತ್ತದೆ. ರಾಂಪೊ ಅವರ 1925ರ ‘ಮನೋಪರೀಕ್ಷೆ’ ಕತೆಯಲ್ಲಿ ಅಪರಾಧಿ ತನ್ನ ಮಾತಿನ ವಿರೋಧಾಭಾಸದಿಂದಲೇ ಸಿಕ್ಕಿಬೀಳುತ್ತಾನೆ. ಗಡಿಯಾರ ಎಂದು ಬಾಯಿಬಿಟ್ಟ ಸಾಕ್ಷಿಯ ಪೂರ್ವಜ ಅವನು. ಎಡೊಗಾವಾ ರಾಂಪೊ ಎಂಬುದೂ ನಿಜನಾಮವಲ್ಲ, ಎಡ್ಗರ್ ಅಲನ್ ಪೋ ಹೆಸರನ್ನು ಜಪಾನೀ ನಾಲಿಗೆಗೆ ಒಗ್ಗಿಸಿಕೊಂಡ ಕಾವ್ಯನಾಮ. ಅಮೆರಿಕದಿಂದ ಜಪಾನಿಗೆ ಹೋದ ಪತ್ತೇದಾರಿ ಕತೆ ಹಲವು ದಶಕ ಅಲ್ಲಿ ಬೆಳೆದು, ಆಟವಾಗಿ ಅಮೆರಿಕಕ್ಕೆ ಮರಳಿತು. ಮರಳಿದಾಗ ಅದು ವೇಷ ಬದಲಿಸಿತ್ತು: ಕತೆಯ ನೆಲ ಲಾಸ್ ಏಂಜಲೀಸ್ ಆಯಿತು, ಮಾಯಾ ಎಂಬ ಹುಡುಗಿಯ ರಾಮೆನ್ ಚಪಲ ಬರ್ಗರ್ ಚಪಲವಾಯಿತು. ಸಮುರಾಯ್ ವೇಷ ಮಾತ್ರ ಹಾಗೆಯೇ ಉಳಿಯಿತು, ಏಕೆಂದರೆ ಅದು ಪುರಾವೆ.

ಅಡಗಿದ ಉಲ್ಲೇಖ ಎನ್ನುತ್ತೇವಲ್ಲ, ಯಾರಿಂದ ಅಡಗಿದ್ದು? 2004ರ ಮೂರನೆಯ ಆಟದಲ್ಲಿ ಮುಖಕ್ಕೆ ಲೋಹದ ಮುಖವಾಡ ಹಾಕಿಕೊಂಡು, ಕಾಫಿಯ ಮೇಲೆ ಕಾಫಿ ಕುಡಿಯುವ ಪ್ರಾಸಿಕ್ಯೂಟರ್ ಇದ್ದಾನೆ. ಹೆಸರು ಗೋಡೋ. ಸ್ಯಾಮ್ಯುಯಲ್ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ನಾಟಕದಲ್ಲಿ ಗೋಡೋ ಬರುವುದೇ ಇಲ್ಲ, ಉಳಿದವರು ಕಾಯುತ್ತಾರೆ. ಇಲ್ಲಿ ಅವನು ಬಂದಿದ್ದಾನೆ, ಆದರೆ ವಿಷಪ್ರಾಶನದಿಂದ ವರ್ಷಗಟ್ಟಲೆ ಎಚ್ಚರವಿಲ್ಲದೆ ಮಲಗಿ ಎದ್ದಾಗ ಅವನು ಪ್ರೀತಿಸಿದವಳು ಸತ್ತುಹೋಗಿದ್ದಾಳೆ. ಕಾಯುವ ಪಾಡು ಗೋಡೋನದೇ ಆಗಿದೆ. ಈ ತಿರುವು ಎರಡೂ ಭಾಷೆಗಳಲ್ಲಿ ಇದೆ. ಅವನ ಹಳೆಯ ಹೆಸರು ಮಾತ್ರ ಇಂಗ್ಲಿಷಿನಲ್ಲಿ ಡಿಯಾಗೋ ಅರ್ಮಾಂಡೋ. ಮರಡೋನಾ ಎಂದು ಸೇರಿಸಿಕೊಳ್ಳಲು ಫುಟ್‌ಬಾಲ್ ಪ್ರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಪಾನೀ ಮೂಲದಲ್ಲಿ ಆ ನೆನಪು ಇಲ್ಲವೇ ಇಲ್ಲ. ಇದು ನನ್ನ ಪ್ರಶ್ನೆಯಲ್ಲಿ ತೇರ್ಗಡೆಯಾಗುವ ಉಲ್ಲೇಖವಲ್ಲ, ತೆಗೆದರೂ ಕತೆ ನಿಲ್ಲುತ್ತದೆ. ಆದರೆ ಒಂದೇ ಆಟದ ಎರಡು ಭಾಷೆಗಳಲ್ಲಿ ಎರಡು ಬೇರೆ ಬೇರೆ ಸ್ಮೃತಿಕೋಶಗಳಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಈ ಎಲ್ಲ ಎಳೆಗಳು ಒಂದೆಡೆ ಸೇರುವುದು 2015 ಮತ್ತು 2017ರಲ್ಲಿ ಜಪಾನಿನಲ್ಲಿ ಎರಡು ಭಾಗವಾಗಿ ಬಂದ ‘ದಾಯ್ ಗ್ಯಾಕುತೆನ್ ಸೈಬಾನ್’ನಲ್ಲಿ. ಇಂಗ್ಲಿಷಿಗೆ ಬರಲು 2021 ಬೇಕಾಯಿತು. ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ, ನೆಲ ಜಪಾನ್ ಮತ್ತು ಲಂಡನ್. ಜಪಾನೀ ಆವೃತ್ತಿಯ ಷರ್ಲಾಕ್ ಹೋಮ್ಸ್ ಇಂಗ್ಲಿಷಿನಲ್ಲಿ ಹರ್ಲಾಕ್ ಶೋಮ್ಸ್ ಆಗುತ್ತಾನೆ. ಆ ಹೆಸರಿಗೇ ಒಂದು ಚರಿತ್ರೆ ಇದೆ. ಫ್ರೆಂಚ್ ಲೇಖಕ ಮಾರಿಸ್ ಲೆಬ್ಲಾಂ ತಮ್ಮ ಕಳ್ಳನಾಯಕ ಆರ್ಸೆನ್ ಲೂಪಾಂಗೆ ಎದುರಾಗಿ ಹೋಮ್ಸ್‌ನನ್ನು ತಂದಾಗ ಹೋಮ್ಸ್‌ನ ಕರ್ತೃ ಕಾನನ್ ಡಾಯ್ಲ್ ಆಕ್ಷೇಪಿಸಿದರು, ಲೆಬ್ಲಾಂ ಹೆಸರನ್ನು ಹೀಗೆ ತಿರುಚಿದರು. ಹೋಮ್ಸ್‌ನ ಕೊನೆಯ ಕತೆಗಳ ಹಕ್ಕು ಅಮೆರಿಕದಲ್ಲಿ ಮುಗಿದದ್ದು 2023ರ ಜನವರಿ 1ರಂದು, ಆಟ ಅಲ್ಲಿ ಮಾರಾಟಕ್ಕೆ ಬಂದು ವರ್ಷ ಕಳೆದ ಮೇಲೆ. ನ್ಯಾಯಾಲಯದ ಆಟವೊಂದರ ಪತ್ತೇದಾರನಿಗೆ ನೂರು ವರ್ಷ ಹಿಂದಿನ ತಕರಾರಿನಿಂದ ಹೆಸರು ಸಿಕ್ಕಿತು.

ಈ ಪತ್ತೇದಾರ ತನ್ನ ಪ್ರಸಿದ್ಧ ತರ್ಕವನ್ನು ಬಿರುಗಾಳಿಯ ವೇಗದಲ್ಲಿ ಹೇಳುತ್ತಾನೆ. ಒಂದೆರಡು ಕಡೆ ಎಡವುತ್ತಾನೆ, ತಿದ್ದಬೇಕಾದವರು ನಾವು. ಇಲ್ಲಿ ಉಲ್ಲೇಖವನ್ನೇ ಕಟಕಟೆಗೆ ಹತ್ತಿಸಿದ್ದಾರೆ. ಮೊದಲ ಭಾಗದ ಎರಡನೆಯ ಮೊಕದ್ದಮೆಗೆ 1892ರ ‘ಸ್ಪೆಕಲ್ಡ್ ಬ್ಯಾಂಡ್’ ಕತೆಯ ಹೆಸರಿಟ್ಟಿರುವುದು ಅರ್ಥಪೂರ್ಣ. ಕಲ್ಕತ್ತೆಯಲ್ಲಿ ವೈದ್ಯನಾಗಿದ್ದವನು ಭಾರತದ ಹಾವನ್ನು ಹಾಲು ಮತ್ತು ಸಿಳ್ಳೆಯಿಂದ ಪಳಗಿಸಿ ಕೊಲೆ ಮಾಡುವ ಕತೆ ಅದು. ಹಾವಿಗೆ ಹಾಲೆರೆಯುವ ನಾಡಿನವರಾದ ನಮಗೆ ಅದರ ಸುಳ್ಳು ಎಲ್ಲಿದೆಯೆಂದು ಇಂಗ್ಲೆಂಡಿನ ಓದುಗರಿಗಿಂತ ಬೇಗ ಹೊಳೆಯಬೇಕು.

ಇನ್ನೂ ಸೂಕ್ಷ್ಮವಾದದ್ದು ಅದೇ ಭಾಗದ ಮೊದಲ ಮೊಕದ್ದಮೆಯಲ್ಲಿದೆ. ಅಲ್ಲಿ ಸಾಯುವವನು ಹೋಮ್ಸ್ ಕತೆಗಳ ನಿರೂಪಕ ಡಾಕ್ಟರ್ ಜಾನ್ ವಾಟ್ಸನ್, ಇಂಗ್ಲಿಷಿನಲ್ಲಿ ವಿಲ್ಸನ್. ಸಾಕ್ಷಿಯಾಗಿ ಬರುವ ಇಂಗ್ಲಿಷ್ ಯುವತಿಯ ಹೆಸರು ಜೆಜೇಲ್ ಬ್ರೆಟ್. 1887ರ ಮೊದಲ ಹೋಮ್ಸ್ ಕಾದಂಬರಿಯ ಮೊದಲ ಪುಟಗಳಲ್ಲೇ ಅಫ್ಘಾನಿಸ್ತಾನದ ಮೈವಾಂಡ್ ಯುದ್ಧದಲ್ಲಿ ವಾಟ್ಸನ್‌ನ ಭುಜಕ್ಕೆ ತಗುಲುವುದು ಜೆಜೇಲ್ ಬಂದೂಕಿನ ಬುಲೆಟ್. ಆ ಬುಲೆಟ್‌ನ ಹೆಸರನ್ನು ಹೊತ್ತವಳೇ ಇಲ್ಲಿ ಅವನನ್ನು ಕೊಂದವಳು. ಕಾದಂಬರಿ ಓದಿದವನಿಗೆ ಅವಳು ತನ್ನ ಹೆಸರು ಹೇಳಿದ ಕ್ಷಣವೇ ಪುರಾವೆ ಕೈಗೆ ಸಿಕ್ಕಿತು. ಓದುಗನ ನೆನಪನ್ನು ಇಷ್ಟು ಗೌರವಿಸಿದ ಜನಪ್ರಿಯ ಕೃತಿ ನನಗೆ ಬೇರೆ ಗೊತ್ತಿಲ್ಲ.

ಲಂಡನ್ನಿನಲ್ಲಿ ಇನ್ನೊಬ್ಬ ಆರೋಪಿ ಇದ್ದಾರೆ, ನಾತ್ಸುಮೆ ಸೊಸೆಕಿ. ಜಪಾನಿನ ಈ ಮಹಾ ಕಾದಂಬರಿಕಾರ 1900ರಿಂದ 1902ರವರೆಗೆ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನಲ್ಲಿದ್ದು, ಒಂಟಿತನದಲ್ಲಿ ನವೆದವರು. 1984ರಿಂದ ಎರಡು ದಶಕ ಅವರ ಮುಖ ಸಾವಿರ ಯೆನ್ ನೋಟಿನ ಮೇಲೆ ಇತ್ತು. ಜಪಾನೀಯರ ಪಾಲಿಗೆ ಅವರು ಅಡಗಿದ ಉಲ್ಲೇಖವಾಗಲು ಸಾಧ್ಯವೇ ಇಲ್ಲ, ಹೊರಗಿನವರಲ್ಲಿ ಎಷ್ಟೋ ಮಂದಿಗೆ ಅವರು ಬೆಕ್ಕು ಸಾಕಿದ ಒಬ್ಬ ವಿಚಿತ್ರ ಮನುಷ್ಯ. ಆಟ ಅವರನ್ನು ಮಂಜು ಕವಿದ ಬೀದಿಯಲ್ಲಿ ಹೆಣ್ಣೊಬ್ಬಳಿಗೆ ಚೂರಿ ಹಾಕಿದ ಆರೋಪಿಯನ್ನಾಗಿಸಿ, ಆರು ಜನ ಲಂಡನ್ನಿಗರ ಜ್ಯೂರಿಯ ಮುಂದೆ ನಿಲ್ಲಿಸುತ್ತದೆ. ಪರದೇಶದಲ್ಲಿ ಸಂಶಯದ ಕಣ್ಣುಗಳ ನಡುವೆ ಬದುಕಿದವನ ಒಳಗಿನ ಭಯವನ್ನು ಮೊಕದ್ದಮೆಯ ಆಕಾರಕ್ಕೆ ತಂದಿದ್ದಾರೆ. ವಿದೇಶಕ್ಕೆ ಓದಲು ಹೋದ ನಮ್ಮ ಮಕ್ಕಳು ಈ ಭಾಗವನ್ನು ಆಡಿದರೆ ಅದು ಅವರ ಎದೆಗೆ ತಾಗದೆ ಇರದು.

ನಮ್ಮ ಗೋಷ್ಠಿಗಳ ಮುಂದೆ ಎರಡು ಕೆಲಸಗಳನ್ನು ಇಡುತ್ತೇನೆ. ಕನ್ನಡದಲ್ಲಿ ಈ ಆಟಗಳು ಇಲ್ಲ, ನಾವು ಆಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಜಪಾನಿನ ಒಂದು ಸ್ಮೃತಿ, ಅಮೆರಿಕದ ಇನ್ನೊಂದು ಸ್ಮೃತಿ, ಎರಡನ್ನೂ ದಾಟಿ ಅದು ನಮಗೆ ಸಿಗುತ್ತದೆ. ಯಾವುದನ್ನು ನಾವು ಹಿಡಿಯುತ್ತೇವೆ, ಯಾವುದು ಕೈತಪ್ಪುತ್ತದೆ ಎಂಬುದನ್ನು ಆಡಿದವರೇ ದಾಖಲಿಸಬೇಕು. ಎರಡನೆಯದು ತುರ್ತಿನದು. 2023ರ ಮಾರ್ಚ್ 27ರಂದು ನಿಂಟೆಂಡೊ 3ಡಿಎಸ್ ಯಂತ್ರದ ಆನ್‌ಲೈನ್ ಅಂಗಡಿ ಮುಚ್ಚಿತು. ತಕುಮಿಯವರೇ ಕತೆ ಬರೆದ, ಪ್ರೊಫೆಸರ್ ಲೇಟನ್ ಮತ್ತು ಫೀನಿಕ್ಸ್ ರೈಟ್ ಎದುರುಬದುರಾಗುವ 2012ರ ಆಟ ಇರುವುದು ಆ ಯಂತ್ರದಲ್ಲಿ ಮಾತ್ರ. ಹಳೆಯ ಕಾರ್ಟ್ರಿಜ್ ಇಟ್ಟುಕೊಂಡಿರದವರಿಗೆ ಅದನ್ನು ಕೊಳ್ಳುವ ನೇರ ದಾರಿ ಇಲ್ಲ. ಆದ್ದರಿಂದ ಪ್ರಬಂಧಕಾರರಲ್ಲಿ ನನ್ನ ಕೋರಿಕೆ: ಯಾವ ವರ್ಷದ, ಯಾವ ಯಂತ್ರದ, ಯಾವ ಭಾಷೆಯ ಆವೃತ್ತಿಯನ್ನು ಆಡಿದಿರಿ ಎಂಬುದನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆಯಿರಿ. ಸಾಕ್ಷಿಯ ಹೇಳಿಕೆಗಳನ್ನು ಸಾಲುಸಾಲಾಗಿ ಬರೆದಿಟ್ಟುಕೊಳ್ಳಿ. ಎರಡು ಭಾಷೆ ಬಲ್ಲವರು ಇಬ್ಬರು ಜೊತೆಗೂಡಿ ಒಂದೇ ಮೊಕದ್ದಮೆಯನ್ನು ಅಕ್ಕಪಕ್ಕ ಇಟ್ಟು ಓದಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಜೆಜೇಲ್ ಬ್ರೆಟ್ ಮೊಕದ್ದಮೆಯನ್ನು ಹಾಗೆ ಓದಲು ಸಾಧ್ಯವಾದರೆ ನಾನೂ ನಿಮ್ಮೊಂದಿಗೆ ಕೂರುತ್ತೇನೆ.